ಬೂಷ್ಟಿನ ಬದುಕು ನೋಡಿ ಕಲಿಯುವ ಬಗೆ: ಬ್ರೆಡ್ಡಿನ ಡಬ್ಬಿಯಿಂದ ಮೆಕ್ಕೆಜೋಳದ ರಾಶಿಯವರೆಗೆ

ಬ್ರೆಡ್ಡಿನ ಮೇಲೆ ಹಸಿರು ಚುಕ್ಕೆ ಕಂಡರೆ ಅಷ್ಟನ್ನು ಕಿತ್ತು ಉಳಿದದ್ದನ್ನು ತಿನ್ನುತ್ತೇವೆ. ಮೆಕ್ಕೆಜೋಳದ ಚೀಲದಲ್ಲಿ ಬೂಷ್ಟು ಕಂಡರೆ ಒಂದು ದಿನ ಬಿಸಿಲಿಗೆ ಹರವಿ, ಕೊಡವಿ, ದನಕ್ಕೆ ಹಾಕುತ್ತೇವೆ. ಎರಡರಲ್ಲೂ ಆಗುವ ತಪ್ಪು ಒಂದೇ: ಕಣ್ಣಿಗೆ ಕಂಡ ಬಣ್ಣವನ್ನೇ ಬೂಷ್ಟು ಎಂದುಕೊಳ್ಳುವುದು. ಆ ಬಣ್ಣ ಗಿಡದ ಕಾಯಿ ಇದ್ದ ಹಾಗೆ. ಗಿಡ ಒಳಗೆ ಹಬ್ಬಿ, ಉಂಡು, ಬಲಿತ ಮೇಲೆ ಕಾಯಿ ಬಿಟ್ಟಿದೆ. ಕಾಯಿ ಕಿತ್ತರೆ ಗಿಡ ಸಾಯುವುದಿಲ್ಲ.

ದಾವಣಗೆರೆ, ಚಿತ್ರದುರ್ಗದವರಿಗೆ ಇದು ಬರೀ ಪಾಠದ ವಿಷಯವಲ್ಲ. ಒಂದು ಕಡೆ ಮೆಕ್ಕೆಜೋಳ, ಇನ್ನೊಂದು ಕಡೆ ಚಳ್ಳಕೆರೆಯ ಶೇಂಗಾ, ಚನ್ನಗಿರಿಯಲ್ಲಿ ಅಡಿಕೆ, ಪೇಟೆಯಲ್ಲಿ ಬೆಣ್ಣೆ ದೋಸೆಯ ಹಿಟ್ಟು. ಎಲ್ಲದರ ಹಿಂದೆಯೂ ಶಿಲೀಂಧ್ರದ, ಅಂದರೆ ಬೂಷ್ಟಿನ ಬಳಗದ, ಕೈವಾಡ ಇದೆ, ಅಥವಾ ಇದೆ ಎಂಬ ನಂಬಿಕೆಯಾದರೂ ಇದೆ. ಮೊದಲು ಅಡುಗೆಮನೆಯಲ್ಲಿ ಕಣ್ಣಾರೆ ನೋಡಿ, ಆಮೇಲೆ ಕಣಕ್ಕೆ ಹೋಗೋಣ.

ಬ್ರೆಡ್ಡಿನ ಡಬ್ಬಿ

ಬೇಕಾದದ್ದು: ಊರಿನ ಬೇಕರಿಯ ಬ್ರೆಡ್ ನಾಲ್ಕು ತುಂಡು, ಮುಚ್ಚಳ ಬಿಗಿಯಾಗುವ ನಾಲ್ಕು ಪಾರದರ್ಶಕ ಡಬ್ಬಿ, ಒಂದು ಚಮಚ, ಅಂಟುಪಟ್ಟಿ. ದೊಡ್ಡ ಕಂಪನಿಗಳ ಪ್ಯಾಕೆಟ್ ಬ್ರೆಡ್ ಬೇಡ. ಅದರಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಪ್ರೊಪಿಯೋನೇಟ್ ಇರುತ್ತದೆ, ಅದು ಬೂಷ್ಟನ್ನೇ ತಡೆಯಲು ಹಾಕಿದ್ದು. ವಾರ ಕಾದರೂ ಏನೂ ಬರದೆ ಪ್ರಯೋಗ ಕೆಟ್ಟಿತು ಅನ್ನಿಸುತ್ತದೆ.

ನಾಲ್ಕೂ ತುಂಡುಗಳನ್ನು ಅರ್ಧ ಗಂಟೆ ಗಾಳಿಗೆ ತೆರೆದಿಡಿ. ಬೂಷ್ಟಿಗೆ ಬೀಜದಂತಿರುವ ಬೀಜಕಗಳು ಗಾಳಿಯಲ್ಲೇ ಇರುತ್ತವೆ, ನೀವು ಬಿತ್ತಬೇಕಾಗಿಲ್ಲ. ಮೊದಲನೆಯ ತುಂಡಿಗೆ ಒಂದು ಚಮಚ ನೀರು ಚಿಮುಕಿಸಿ. ಎರಡನೆಯದನ್ನು ಹೆಂಚಿನ ಮೇಲೆ ಗರಿಗರಿಯಾಗುವವರೆಗೆ ಒಣಗಿಸಿ, ಆರಿಸಿ, ಇನ್ನೊಮ್ಮೆ ಕೆಲವು ನಿಮಿಷ ಗಾಳಿಗಿಡಿ. ಬಿಸಿಗೆ ಸತ್ತ ಬೀಜಕಗಳ ಜಾಗಕ್ಕೆ ಹೊಸವು ಕೂರಲಿ. ಮೂರನೆಯದಕ್ಕೆ ನೀರು ಚಿಮುಕಿಸಿ ಮೇಲೆ ಎರಡು ಚಮಚ ಉಪ್ಪು ಸವರಿ. ನಾಲ್ಕನೆಯದಕ್ಕೂ ನೀರು ಚಿಮುಕಿಸಿ ಫ್ರಿಜ್ಜಿನಲ್ಲಿಡಿ. ಮುಚ್ಚಳ ಹಾಕಿ, ಸುತ್ತ ಅಂಟುಪಟ್ಟಿ ಸುತ್ತಿಬಿಡಿ. ಇನ್ನು ಆ ಡಬ್ಬಿಗಳನ್ನು ಬಿಚ್ಚುವುದಿಲ್ಲ.

ನಮ್ಮ ಕಡೆಯ ಸಾಧಾರಣ ಬಿಸಿಗೆ ಎರಡನೇ ಮೂರನೇ ದಿನ ಮೊದಲನೆಯ ಡಬ್ಬಿಯಲ್ಲಿ ಬಿಳಿ ಹತ್ತಿಯಂಥ ಎಳೆ ಕಾಣುತ್ತದೆ. ಇದನ್ನು ಚೆನ್ನಾಗಿ ನೋಡಿ. ಶಿಲೀಂಧ್ರದ ನಿಜವಾದ ಮೈ ಇದೇ. ಒಂದೊಂದು ಎಳೆಯ ದಪ್ಪ ಸುಮಾರು 2ರಿಂದ 10 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್). ತುದಿಯಲ್ಲಿ ಮಾತ್ರ ಬೆಳೆಯುತ್ತದೆ, ಹೋದಲ್ಲೆಲ್ಲ ಕವಲೊಡೆಯುತ್ತದೆ. ಎಳೆಗಳೆಲ್ಲ ಸೇರಿದ ಬಲೆಗೆ ಕವಕಜಾಲ ಎನ್ನುತ್ತಾರೆ. ಮೇಲೆ ಕಂಡದ್ದಕ್ಕಿಂತ ಬ್ರೆಡ್ಡಿನೊಳಗೆ ಹೊಕ್ಕಿದ್ದು ಹೆಚ್ಚು, ಅದು ಕಣ್ಣಿಗೆ ಕಾಣುವುದಿಲ್ಲ.

ಇನ್ನೊಂದೆರಡು ದಿನಕ್ಕೆ ಬಣ್ಣ ಬರುತ್ತದೆ. ಗುಂಡುಸೂಜಿಯ ತಲೆಯಂಥ ಕರಿ ಚುಕ್ಕೆಗಳು ಉದ್ದ ಎಳೆಗಳ ತುದಿಯಲ್ಲಿ ನಿಂತಿದ್ದರೆ ಅದು ರೈಜೋಪಸ್. ಒಂದೊಂದು ಚುಕ್ಕೆಯೂ ಸಾವಿರಾರು ಬೀಜಕ ತುಂಬಿದ ಚೀಲ. ಪುಡಿ ಉದುರಿದಂತೆ ನೀಲಿ ಹಸಿರು ಇದ್ದರೆ ಬಹುತೇಕ ಪೆನಿಸಿಲಿಯಂ, ಹಳದಿ ಮಿಶ್ರಿತ ಹಸಿರಾದರೆ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಅನುಮಾನ ಇರಲಿ, ಕಾಫಿಪುಡಿಯಂಥ ಕಪ್ಪಾದರೆ ಆಸ್ಪರ್ಜಿಲಸ್ ನೈಜರ್. ಬಣ್ಣ ನೋಡಿ ಹೆಸರಿಡುವುದು ಅಂದಾಜು ಮಾತ್ರ. ಖಚಿತ ಮಾಡಲು ಸೂಕ್ಷ್ಮದರ್ಶಕದಲ್ಲಿ ಬೀಜಕ ಹೊತ್ತ ತಲೆಯ ಆಕಾರವನ್ನು ನೋಡಬೇಕು.

ಒಣ ತುಂಡಿನಲ್ಲಿ ಏನೂ ಬಂದಿರುವುದಿಲ್ಲ. ಉಪ್ಪಿನದೂ ಹಾಗೇ, ನೀರು ಅಷ್ಟೇ ಇದ್ದರೂ. ಫ್ರಿಜ್ಜಿನಲ್ಲಿ ವಾರಗಟ್ಟಲೆ ತಡೆದು ಆಮೇಲೆ ಬರುತ್ತದೆ, ಯಾಕೆಂದರೆ ಚಳಿ ಬೂಷ್ಟನ್ನು ನಿಧಾನ ಮಾಡುತ್ತದೆ, ಕೊಲ್ಲುವುದಿಲ್ಲ. ಉಪ್ಪಿನ ತುಂಡಿನ ಮಾತಿಗೆ ಮುಂದೆ ಮತ್ತೆ ಬರುತ್ತೇವೆ. ಕಣದ ಲೆಕ್ಕವೆಲ್ಲ ನಿಂತಿರುವುದು ಅದರ ಮೇಲೆ.

ಪ್ರಯೋಗ ಮುಗಿದ ಡಬ್ಬಿಗಳನ್ನು ಬಿಚ್ಚದೆ, ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಮೂಗು ಹಾಕಿ ವಾಸನೆ ನೋಡುವ ಚಪಲ ಬೇಡ. ದಮ್ಮಿನ ತೊಂದರೆ ಇರುವವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು ಇದರಿಂದ ದೂರ ಇರಬೇಕು. 2021ರಲ್ಲಿ ಕೋವಿಡ್ ಜೊತೆಗೆ ಜನರನ್ನು ಕಾಡಿದ ಕಪ್ಪು ಶಿಲೀಂಧ್ರ ರೈಜೋಪಸ್ ಬಳಗದ್ದೇ. ಕಪ್ಪು ಎಂಬ ಹೆಸರು ಬಂದಿದ್ದು ಶಿಲೀಂಧ್ರದ ಬಣ್ಣದಿಂದಲ್ಲ, ಅದು ತಿಂದ ಅಂಗಾಂಶ ಸತ್ತು ಕಪ್ಪಾಗುವುದರಿಂದ.

ಶಾಲೆಯಲ್ಲಿ ಸೂಕ್ಷ್ಮದರ್ಶಕ ಇದ್ದರೆ ಮೇಷ್ಟರ ಮೇಲ್ವಿಚಾರಣೆಯಲ್ಲಿ ಇನ್ನೊಂದು ತುಂಡಿಗೆ ಬೂಷ್ಟು ಬರಿಸಿ, ಪಾರದರ್ಶಕ ಅಂಟುಪಟ್ಟಿಯನ್ನು ಮೆಲ್ಲಗೆ ತಾಗಿಸಿ, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿಟ್ಟು ಅಂಟಿಸಿ ನೋಡಬಹುದು. ಕಾಗದ ಮಡಚಿ ಮಾಡುವ ಸೂಕ್ಷ್ಮದರ್ಶಕವಾದ ಫೋಲ್ಡ್‌ಸ್ಕೋಪ್ ಕೂಡ ಸಾಕು. ಅದು ಸುಮಾರು 140 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಪಟ್ಟಿಯನ್ನು ಒತ್ತಿದರೆ ಎಲ್ಲ ಜಜ್ಜಿ ಬರೀ ಬೀಜಕದ ರಾಶಿ ಕಾಣುತ್ತದೆ, ಹಗುರಾಗಿ ಮುಟ್ಟಿಸಬೇಕು.

ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ

ನಾವು ಉಂಡ ಮೇಲೆ ಜೀರ್ಣಿಸುತ್ತೇವೆ, ಶಿಲೀಂಧ್ರ ಜೀರ್ಣಿಸಿದ ಮೇಲೆ ಉಣ್ಣುತ್ತದೆ. ಎಳೆಯ ತುದಿಯಿಂದ ಕಿಣ್ವಗಳನ್ನು ಹೊರಗೆ ಬಿಟ್ಟು, ಪಿಷ್ಟ, ಪ್ರೋಟೀನು, ಕೆಲವು ಜಾತಿಗಳಾದರೆ ಮರದ ನಾರನ್ನೂ ಕರಗಿಸಿ, ಕರಗಿದ ರಸವನ್ನು ಹೀರಿಕೊಳ್ಳುತ್ತದೆ. ಕರಗಲು, ಹೀರಲು ನೀರು ಬೇಕೇಬೇಕು. ಹರಿತ್ತು ಇಲ್ಲ, ಆದ್ದರಿಂದ ಬೆಳಕು ಬೇಕಿಲ್ಲ. ಕೋಶದ ಗೋಡೆ ಕೈಟಿನ್‌ನದು. ಏಡಿಯ ಚಿಪ್ಪಿನಲ್ಲೂ ಜಿರಳೆಯ ಕವಚದಲ್ಲೂ ಇರುವ ವಸ್ತು ಅದೇ. ಬಹುಕಾಲ ಗಿಡಗಳ ಜೊತೆ ಸೇರಿಸಿ ಓದುತ್ತಿದ್ದರು. 1969ರಲ್ಲಿ ರಾಬರ್ಟ್ ವಿಟೇಕರ್ ಐದು ಸಾಮ್ರಾಜ್ಯಗಳ ವಿಂಗಡಣೆಯಲ್ಲಿ ಇವಕ್ಕೆ ಬೇರೆ ಮನೆ ಕೊಟ್ಟರು. ವಂಶಾವಳಿ ನೋಡಿದರೆ ಇವು ಗಿಡಕ್ಕಿಂತ ಪ್ರಾಣಿಗಳಿಗೇ ಹತ್ತಿರದ ನೆಂಟರು.

ಈ ನೆಂಟಸ್ತನದಿಂದ ಒಂದು ತೊಂದರೆಯೂ ಇದೆ. ನಮ್ಮ ಕೋಶವನ್ನು ಮುಟ್ಟದೆ ಶಿಲೀಂಧ್ರವನ್ನಷ್ಟೇ ಕೊಲ್ಲುವ ಔಷಧ ಸಿಗುವುದು ಕಷ್ಟ. ಹುಳುಕಡ್ಡಿಗೆ ಕೊಡುವ ಮುಲಾಮುಗಳಲ್ಲಿ ಹೆಚ್ಚಿನವು ಎರ್ಗೊಸ್ಟೆರಾಲ್ ಎಂಬ ಕೊಬ್ಬನ್ನು ಗುರಿ ಮಾಡುತ್ತವೆ. ಅದು ಶಿಲೀಂಧ್ರದ ಕೋಶಪೊರೆಯಲ್ಲಿದೆ, ನಮ್ಮಲ್ಲಿ ಆ ಜಾಗದಲ್ಲಿ ಕೊಲೆಸ್ಟೆರಾಲ್ ಇದೆ. ತುರಿಕೆ ನಿಂತ ಕೂಡಲೆ ಮುಲಾಮು ಬಿಟ್ಟರೆ ಚರ್ಮದೊಳಗಿನ ಎಳೆ ಉಳಿದು ಮತ್ತೆ ಉಂಗುರ ಬರುತ್ತದೆ. ಅಂಗಡಿಯವರು ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮು ಇನ್ನೂ ಕೆಟ್ಟದ್ದು. ಅದು ಕೆಂಪು ಇಳಿಸುತ್ತದೆ, ಎಳೆಯನ್ನು ಹಬ್ಬಲು ಬಿಡುತ್ತದೆ.

ಯೀಸ್ಟ್: ಒಂಟಿ ಕೋಶದ ಶಿಲೀಂಧ್ರ

ಎಳೆ ಬಿಡದೆ ಬಿಡಿಬಿಡಿಯಾಗಿ ಬದುಕುವ ಶಿಲೀಂಧ್ರವೇ ಯೀಸ್ಟ್. ಬೇಕರಿಯದರ ಹೆಸರು ಸ್ಯಾಕರೋಮೈಸಿಸ್ ಸೆರೆವಿಸಿಯೆ. ಮೈಮೇಲೆ ಮೊಗ್ಗು ಮೂಡಿ, ದೊಡ್ಡದಾಗಿ, ಕಳಚಿಕೊಂಡು ಹೊಸ ಕೋಶವಾಗುತ್ತದೆ. ಸಕ್ಕರೆ ಇದ್ದು ಸುಮಾರು 30 ಡಿಗ್ರಿ ಬಿಸಿ ಸಿಕ್ಕರೆ ಒಂದೂವರೆ ಗಂಟೆಗೊಮ್ಮೆ ಎರಡಾಗುತ್ತದೆ.

ಬಾಯಿ ಸಣ್ಣದಿರುವ ಐದು ಬಾಟಲಿ, ಐದು ಬಲೂನು ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ 100 ಮಿಲೀ ನೀರು, ಒಂದು ಚಮಚ ಒಣ ಯೀಸ್ಟ್, ಬಾಯಿಗೆ ಬಲೂನು. ಮೊದಲನೆಯದರಲ್ಲಿ ಕೈಗೆ ಬೆಚ್ಚಗೆ ಹತ್ತುವ ನೀರು, ಅಂದರೆ 37ರಿಂದ 40 ಡಿಗ್ರಿ, ಎರಡು ಚಮಚ ಸಕ್ಕರೆ. ಎರಡನೆಯದರಲ್ಲಿ ಫ್ರಿಜ್ಜಿನ ನೀರು, ಸಕ್ಕರೆ ಅಷ್ಟೇ. ಮೂರನೆಯದರಲ್ಲಿ ಕುದಿಯುವ ನೀರು. ಇದಕ್ಕೆ ಗಾಜಿನ ಬಾಟಲಿ ಸಿಡಿಯಬಹುದು, ಸ್ಟೀಲಿನದು ಇರಲಿ, ಬಲೂನನ್ನು ಆರಿದ ಮೇಲೆ ಹಾಕಿ. ನಾಲ್ಕನೆಯದು ಬೆಚ್ಚನೆಯ ನೀರು, ಸಕ್ಕರೆ ಇಲ್ಲ. ಐದನೆಯದಕ್ಕೆ ಸಕ್ಕರೆಯ ಬದಲು ಎರಡು ಚಮಚ ಮೈದಾ.

ಮೊದಲನೆಯದರಲ್ಲಿ ಹತ್ತು ನಿಮಿಷಕ್ಕೆ ನೊರೆ ಏಳುತ್ತದೆ, ಬಲೂನು ಎದ್ದು ನಿಲ್ಲುತ್ತದೆ. ಏಳದಿದ್ದರೆ ಯೀಸ್ಟ್ ಹಳೆಯದು, ಬನ್ನಿಗೂ ಅದನ್ನು ಹಾಕಬೇಡಿ. ಎರಡನೆಯದು ಬಿಸಿ ಏರಿದಂತೆ ತಡವಾಗಿ ಏಳುತ್ತದೆ. ಕುದಿನೀರಿನದು ಏಳುವುದೇ ಇಲ್ಲ. 60 ಡಿಗ್ರಿ ದಾಟಿದರೆ ಯೀಸ್ಟ್ ಸತ್ತಂತೆಯೇ. ಹೊಸಬರು ಮನೆಯಲ್ಲಿ ಬ್ರೆಡ್ ಮಾಡುವಾಗ ಕೆಡಿಸುವುದು ಹೆಚ್ಚಾಗಿ ಇಲ್ಲೇ. ಐದನೆಯದು ಮೆಲ್ಲಗೆ ಏಳುವುದಕ್ಕೆ ಕಾರಣ ಬೇರೆ: ಬೇಕರಿ ಯೀಸ್ಟಿಗೆ ಪಿಷ್ಟ ಒಡೆಯಲು ಬರುವುದಿಲ್ಲ. ಮೈದಾದಲ್ಲೇ ಇರುವ ಕಿಣ್ವ ಪಿಷ್ಟವನ್ನು ಸಕ್ಕರೆ ಮಾಡಿಕೊಡುವವರೆಗೆ ಕಾಯಬೇಕು.

ಬಲೂನಿನಲ್ಲಿರುವುದು ಇಂಗಾಲದ ಡೈಆಕ್ಸೈಡ್. ಗಾಳಿಯಿಲ್ಲದ ಕಡೆ ಯೀಸ್ಟ್ 180 ಗ್ರಾಂ ಗ್ಲೂಕೋಸನ್ನು ಪೂರ್ತಿ ಒಡೆದರೆ ಲೆಕ್ಕಕ್ಕೆ 92 ಗ್ರಾಂ ಆಲ್ಕೋಹಾಲು, 88 ಗ್ರಾಂ ಅನಿಲ. ಬನ್ನಿಗೆ ಬೇಕಾದ್ದು ಅನಿಲ; ಆಲ್ಕೋಹಾಲು ಬೇಯುವಾಗ ಬಹುಪಾಲು ಹಾರಿಹೋಗುತ್ತದೆ. ಗಾಳಿಯಿಲ್ಲದೆಯೂ ಬದುಕುವ ಈ ಶಕ್ತಿ ಎಳೆಬಿಡುವ ಬೂಷ್ಟುಗಳಲ್ಲಿ ಹೆಚ್ಚಿನವಕ್ಕೆ ಇಲ್ಲ. ಉಪ್ಪಿನಕಾಯಿಯ ಮೇಲೆ ಒಂದು ಬೆರಳು ಎಣ್ಣೆ ನಿಲ್ಲಿಸುವುದು ಬೂಷ್ಟಿನ ಉಸಿರು ಕಟ್ಟಿಸಲಿಕ್ಕೇ.

ದೋಸೆ ಹಿಟ್ಟು ಹುಳಿ ಬರುವುದು ಯೀಸ್ಟಿನಿಂದ ಎಂದು ತುಂಬ ಜನ ಹೇಳುತ್ತಾರೆ. ಪೂರ್ತಿ ನಿಜವಲ್ಲ. ಅಕ್ಕಿ ಉದ್ದಿನ ಹಿಟ್ಟನ್ನು ಉಬ್ಬಿಸುವ ಮುಖ್ಯ ಆಳು ಲ್ಯುಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ. ಯೀಸ್ಟುಗಳು ಜೊತೆಗಿರುತ್ತವೆ, ಪರಿಮಳಕ್ಕೆ ಸಹಾಯ ಮಾಡುತ್ತವೆ. ಬೇಕರಿ ಯೀಸ್ಟ್ ಹಾಕಿ ಬೇಗ ಹುದುಗಿಸಿದ ದೋಸೆ ಬನ್ನಿನ ವಾಸನೆ ಹೊಡೆಯುವುದು ಇದಕ್ಕೇ. ನಮ್ಮ ದಾವಣಗೆರೆ ದೋಸೆಯ ಹಿಟ್ಟಿಗೆ ಮಂಡಕ್ಕಿ ರುಬ್ಬಿ ಸೇರಿಸುವ ಪದ್ಧತಿಯಲ್ಲಿ ಒಂದು ಜಾಣತನ ಅಡಗಿದೆ: ಮಂಡಕ್ಕಿಯ ಪಿಷ್ಟ ಮೊದಲೇ ಬೆಂದಿದೆ, ಹಸಿ ಅಕ್ಕಿಯದಕ್ಕಿಂತ ಸುಲಭವಾಗಿ ಕಿಣ್ವಗಳಿಗೆ ದಕ್ಕುತ್ತದೆ. ಹಿಟ್ಟಿನ ಮೇಲೆ ಬಿಳಿ ತೆಳು ಪೊರೆ ಕಟ್ಟಿದರೆ ಅದು ಗಾಳಿಗೆ ಬೆಳೆಯುವ ಯೀಸ್ಟಿನದು, ರುಚಿ ಕೆಡಿಸುತ್ತದೆ. ಗುಲಾಬಿ, ಕಪ್ಪು, ಹಸಿರು ಬಣ್ಣವೋ ಹತ್ತಿಯಂಥ ಎಳೆಯೋ ಕಂಡರೆ ಪಾತ್ರೆ ಪೂರ್ತಿ ಚೆಲ್ಲಿ. ದ್ರವದಲ್ಲಿ ಎಳೆ ಎಲ್ಲಿವರೆಗೆ ಇಳಿದಿದೆ ಎಂದು ಹೇಳಲಾಗುವುದಿಲ್ಲ.

ಇರುವ ನೀರು ಬೇರೆ, ಸಿಗುವ ನೀರು ಬೇರೆ

ಉಪ್ಪು ಸವರಿದ ಬ್ರೆಡ್ಡಿಗೆ ವಾಪಸ್ ಬನ್ನಿ. ಅಲ್ಲಿ ನೀರಿತ್ತು, ಆದರೆ ಉಪ್ಪು ಅದನ್ನು ಹಿಡಿದುಕೊಂಡಿತ್ತು. ಬೆಲ್ಲ, ಜೇನು ಕೆಡದಿರುವುದೂ ಹೀಗೆಯೇ. ಒಂದು ವಸ್ತುವಿನಲ್ಲಿ ಜೀವಿಗಳಿಗೆ ನಿಜವಾಗಿ ಸಿಗುವ ನೀರನ್ನು 0ಯಿಂದ 1ರವರೆಗೆ ಅಳೆಯುತ್ತಾರೆ, ಜಲಚಟುವಟಿಕೆ ಎನ್ನುತ್ತಾರೆ. ಬಹುಪಾಲು ಬ್ಯಾಕ್ಟೀರಿಯಾಕ್ಕೆ 0.90ರ ಮೇಲೆ ಬೇಕು. ಹೆಚ್ಚಿನ ಯೀಸ್ಟುಗಳಿಗೆ 0.88ರ ಆಸುಪಾಸು. ಆಸ್ಪರ್ಜಿಲಸ್ ಫ್ಲೇವಸ್‌ಗೆ 0.80 ಸಾಕು. ಒಣ ಜಾಗಕ್ಕೆ ಒಗ್ಗಿದ ಕೆಲವು ಬೂಷ್ಟುಗಳು 0.70ಕ್ಕೂ ಕೆಳಗೆ ಎಳೆ ಬಿಡುತ್ತವೆ. ಅದಕ್ಕೇ ಒಣ ಕಾಳಿನ ಶತ್ರು ಬ್ಯಾಕ್ಟೀರಿಯಾ ಅಲ್ಲ, ಬೂಷ್ಟು. ಮಂಡಕ್ಕಿ ಮೆತ್ತಗಾದ ಕೂಡಲೆ ಕೆಟ್ಟಿತೆಂದು ಹೆದರಬೇಕಿಲ್ಲ. ಬೂಷ್ಟು ಹಿಡಿಯಲು ಇನ್ನೂ ಸಾಕಷ್ಟು ತೇವ ಏರಬೇಕು. ಬಿಸಿಲಿಗಿಟ್ಟರೆ ಮತ್ತೆ ಗರಿಗರಿ.

27 ಡಿಗ್ರಿಯ ಹತ್ತಿರ, 0.70ರ ಗಡಿಗೆ ಮೆಕ್ಕೆಜೋಳದಲ್ಲಿ 13ರಿಂದ 14 ಶೇಕಡಾ ತೇವಾಂಶ ಸಮ, ಶೇಂಗಾ ಬೀಜದಲ್ಲಿ 7ರಿಂದ 8. ಶೇಂಗಾದ ಅಂಕಿ ಇಷ್ಟು ಕಡಿಮೆ ಯಾಕೆಂದರೆ ಬೀಜದ ಅರ್ಧದಷ್ಟು ಎಣ್ಣೆ. ಎಣ್ಣೆ ನೀರು ಹಿಡಿಯುವುದಿಲ್ಲ, ಇದ್ದ ನೀರೆಲ್ಲ ಉಳಿದರ್ಧಕ್ಕೇ ಸೇರುತ್ತದೆ. ಮೆಕ್ಕೆಜೋಳದ ಅಂಕಿಯನ್ನು ಶೇಂಗಾಕ್ಕೆ ಹಾಕಿ ಕೈಸುಟ್ಟುಕೊಳ್ಳಬೇಡಿ.

ಮೆಕ್ಕೆಜೋಳದ ಕಣದಲ್ಲಿ

ಮುಂಗಾರಿನ ಮೆಕ್ಕೆಜೋಳ ಅಕ್ಟೋಬರ್, ನವೆಂಬರಿನಲ್ಲಿ ಕೈಗೆ ಬರುತ್ತದೆ, ಅದೇ ಹೊತ್ತಿಗೆ ಹಿಂಗಾರಿನ ಮಳೆಯೂ ಬರುತ್ತದೆ. ತೆನೆ ಮುರಿದಾಗ ಕಾಳಿನಲ್ಲಿ 20ರಿಂದ 25 ಶೇಕಡಾ ತೇವ ಇರುವುದು ಮಾಮೂಲು. ಅದನ್ನು 12ಕ್ಕೆ ಇಳಿಸಬೇಕು, ಬೇಗ ಇಳಿಸಬೇಕು.

ತೆನೆಯಲ್ಲೇ ಒಂದಷ್ಟು ಒಣಗಲು ಬಿಡಿ. ಹಸಿ ಕಾಳನ್ನು ಒಕ್ಕಣೆ ಯಂತ್ರಕ್ಕೆ ಕೊಟ್ಟರೆ ಜಜ್ಜುತ್ತದೆ, ಸಿಪ್ಪೆ ಬಿರಿದ ಜಾಗವೇ ಎಳೆಗೆ ಬಾಗಿಲು. ಒಕ್ಕಿದ ಕಾಳನ್ನು ಟಾರ್ಪಾಲಿನ ಮೇಲೆ ಎರಡರಿಂದ ಮೂರು ಅಂಗುಲ ದಪ್ಪಕ್ಕೆ ಹರವಿ, ಗಂಟೆಗೊಮ್ಮೆ ಕಾಲಾಡಿಸಿ. ಸಂಜೆ ಇಬ್ಬನಿ ಇಳಿಯುವ ಮೊದಲೇ ರಾಶಿ ಮಾಡಿ ಮುಚ್ಚಿ, ಬೆಳಿಗ್ಗೆ ನೆಲ ಒಣಗಿದ ಮೇಲೆ ಬಿಚ್ಚಿ. ಮಳೆ ಬಂತೆಂದು ಹಸಿ ರಾಶಿಯನ್ನು ಮೂರ್ನಾಲ್ಕು ದಿನ ಮುಚ್ಚಿಟ್ಟರೆ ಆಗುವುದೇನು? ರಾಶಿಯೊಳಗೆ ಮೊಳಕೈವರೆಗೆ ಕೈ ಹಾಕಿ ನೋಡಿ, ಬಿಸಿ ತಾಗುತ್ತದೆ. ಆ ಕಾವು ಬಿಸಿಲಿನದಲ್ಲ. ಕಾಳೂ ಬೂಷ್ಟೂ ಉಸಿರಾಡಿ ಹುಟ್ಟಿದ್ದು, ಉಸಿರಾಟ ಮತ್ತಷ್ಟು ನೀರನ್ನೂ ಹುಟ್ಟಿಸುತ್ತದೆ. ಅಂದರೆ ಬೂಷ್ಟು ಒಮ್ಮೆ ಶುರುವಾದರೆ ತನಗೆ ಬೇಕಾದ ತೇವವನ್ನು ತಾನೇ ಮಾಡಿಕೊಳ್ಳುತ್ತದೆ. ಕಾವು ತಾಗಿದರೆ ರಾತ್ರಿಯಾದರೂ ಸರಿ, ಸೂರಿನ ಕೆಳಗೆ ಎಳೆದು ತೆಳ್ಳಗೆ ಹರವಿ ಫ್ಯಾನ್ ಬಿಡಿ.

ಮಾಯಿಶ್ಚರ್ ಮೀಟರ್ ಇದ್ದರೆ ರಾಶಿಯ ಐದು ಕಡೆಯ ಕಾಳು ತೆಗೆದು ಅಳೆಯಿರಿ. ಸರಾಸರಿಗಲ್ಲ, ಅತಿ ಹೆಚ್ಚು ತೋರಿಸಿದ ಕಡೆಯ ಅಂಕಿಗೆ ಬೆಲೆ ಕೊಡಿ, ಕೆಡುವುದು ಅಲ್ಲಿಂದಲೇ. ಮೀಟರ್ ಇಲ್ಲದವರಿಗೆ ಉಪ್ಪಿನ ಬಾಟಲಿ. ಪ್ಯಾಕೆಟ್ಟಿನ ಪುಡಿ ಉಪ್ಪನ್ನು ಹೆಂಚಿನ ಮೇಲೆ ಹುರಿದು ಆರಿಸಿ, ಒಣ ಗಾಜಿನ ಬಾಟಲಿಗೆ ಎರಡು ಚಮಚ ಹಾಕಿ. ಕಾಲು ಭಾಗದಷ್ಟು ಕಾಳು ತುಂಬಿ, ಮುಚ್ಚಿ, ಎರಡು ಮೂರು ನಿಮಿಷ ಕುಲುಕಿ, ಹದಿನೈದು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ 15ಕ್ಕಿಂತ ಮೇಲೆ. ಅಡುಗೆ ಉಪ್ಪು ಸುತ್ತಲ ಗಾಳಿಯ ಆರ್ದ್ರತೆ 75 ಶೇಕಡಾ ದಾಟಿದಾಗ ನೀರು ಕುಡಿಯುತ್ತದೆ. ಹಾಗಾಗಿ ಈ ಬಾಟಲಿ ಅಳೆಯುವುದು ಬೂಷ್ಟಿಗೆ ಸಿಗುವ ನೀರನ್ನೇ. ಅಂಟದಿದ್ದರೆ ಗೆದ್ದೆವು ಎಂದಲ್ಲ, ಆಮೇಲೂ ಇನ್ನೆರಡು ಬಿಸಿಲು ಬೇಕು. ಕಲ್ಲುಪ್ಪು ಬೇಡ, ಅದರಲ್ಲಿನ ಬೇರೆ ಲವಣಗಳು ಒಣ ಗಾಳಿಯಲ್ಲೂ ಬೆವರಿ ದಾರಿ ತಪ್ಪಿಸುತ್ತವೆ.

ಒಣಗಿಸಿದರೆ ತೂಕ ಹೋಗುತ್ತದಲ್ಲ ಎಂಬ ಮಾತು ಬರುತ್ತದೆ. ಲೆಕ್ಕ ಹಾಕಿಯೇ ಬಿಡೋಣ. 20 ಶೇಕಡಾ ತೇವದ 100 ಕೆಜಿ ಕಾಳಿನಲ್ಲಿ ಒಣ ಪದಾರ್ಥ 80 ಕೆಜಿ. 12ಕ್ಕೆ ಇಳಿದಾಗ ಆ 80 ಕೆಜಿ ಒಟ್ಟು ತೂಕದ 88 ಪಾಲು, ಅಂದರೆ 90.9 ಕೆಜಿ. ಹೋದದ್ದು 9.1 ಕೆಜಿ ನೀರು. ಒಣಗಿಸದೆ ಇಟ್ಟರೂ ತೂಕ ಹೋಗುತ್ತದೆ, ಆಗ ಹೋಗುವುದು ಕಾಳು.

ಬಿಸಿಲಿನ ಕಾಳನ್ನು ಬಿಸಿಯಾಗಿಯೇ ಚೀಲಕ್ಕೆ ತುಂಬಬೇಡಿ, ರಾತ್ರಿ ತಣಿದಾಗ ಒಳಗೇ ಬೆವರುತ್ತದೆ. ಚೀಲ ನೆಲಕ್ಕೆ ತಾಗದಂತೆ ಹಲಗೆ, ಗೋಡೆಗೂ ಚೀಲಕ್ಕೂ ನಡುವೆ ಒಂದು ಅಡಿ. ಗಾಳಿಯಾಡದ ಹೊಸ ಬಗೆಯ ಚೀಲ ಒಳ್ಳೆಯದು, ಆದರೆ 13ರ ಕೆಳಗಿನ ಕಾಳಿಗೆ ಮಾತ್ರ. ಹಸಿ ಕಾಳು ತುಂಬಿದರೆ ಬೂಷ್ಟು ಉಸಿರುಗಟ್ಟೀತು, ಗಾಳಿ ಬೇಡದ ಯೀಸ್ಟು, ಬ್ಯಾಕ್ಟೀರಿಯಾ ಎದ್ದು ಹುಳಿ ವಾಸನೆ ಬರುತ್ತದೆ.

ಶೇಂಗಾ, ಹಿಂಡಿ, ಹಾಲು

ಚಳ್ಳಕೆರೆ ಸೀಮೆಯ ಮಳೆಯಾಶ್ರಿತ ಶೇಂಗಾದ ಕಷ್ಟ ಇನ್ನೊಂದು. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು ಮಣ್ಣು ಕಾದರೆ ಆಸ್ಪರ್ಜಿಲಸ್ ಫ್ಲೇವಸ್ ಮಣ್ಣಿನೊಳಗೇ ಕಾಯಿ ಹೊಗುತ್ತದೆ. ಗೆದ್ದಲು ಕೊರೆದ ಕಾಯಿಗಂತೂ ಬಾಗಿಲೇ ತೆರೆದಿದೆ. ಕಿತ್ತ ಗಿಡವನ್ನು ಕಾಯಿ ಮೇಲೆ ಬರುವಂತೆ ಮಗುಚಿ ಎರಡು ಮೂರು ದಿನ ಹೊಲದಲ್ಲಿ ಒಣಗಿಸಿ, ಆಮೇಲೆ ಕಣಕ್ಕೆ ತನ್ನಿ. ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು, ಉಜ್ಜಿದರೆ ಕೆಂಪು ಸಿಪ್ಪೆ ಬಿಡಬೇಕು. ಸುಲಿಯುವ ಮುನ್ನ ಕಾಯಿಗೆ ನೀರು ಚಿಮುಕಿಸುವ ಅಭ್ಯಾಸವಿದೆ, ಬೀಜ ಒಡೆಯದಿರಲಿ ಎಂದು. ಇಷ್ಟು ದಿನದ ಒಣಗಿಸುವ ಕೆಲಸವನ್ನು ಒಂದು ಕೊಡ ನೀರು ಹಾಳು ಮಾಡುತ್ತದೆ.

ಈ ಬೂಷ್ಟು ಬಿಡುವ ವಿಷ ಅಫ್ಲಾಟಾಕ್ಸಿನ್. ಯಕೃತ್ತಿನ ಕ್ಯಾನ್ಸರಿಗೆ ಕಾರಣ ಎಂದು ಖಚಿತವಾಗಿರುವ ವಸ್ತು. 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ ಇದು ಪತ್ತೆಯಾಯಿತು. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಮಳೆಗೆ ಸಿಕ್ಕ ಮೆಕ್ಕೆಜೋಳ ಉಂಡು ನೂರಕ್ಕೂ ಹೆಚ್ಚು ಜನ ಕಾಮಾಲೆಯಾಗಿ ಸತ್ತರು. ಬಿಸಿಲಿಗೆ ಬೂಷ್ಟಿನ ಬೆಳವಣಿಗೆ ನಿಲ್ಲುತ್ತದೆ, ಬಿಟ್ಟ ವಿಷ ಉಳಿಯುತ್ತದೆ. ಹುರಿದರೂ, ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ರಾಶಿಯಲ್ಲಿ ಇದು ಸಮನಾಗಿ ಹರಡಿರುವುದೂ ಇಲ್ಲ. ಮುರುಟಿದ, ಬಣ್ಣಗೆಟ್ಟ, ಒಡೆದ ಬೀಜಗಳಲ್ಲೇ ಹೆಚ್ಚು. ಆರಿಸಿ ತೆಗೆಯುವುದು ಮನೆಮಟ್ಟದಲ್ಲಿ ಎಲ್ಲಕ್ಕಿಂತ ಫಲ ಕೊಡುವ ಕೆಲಸ. ಕಹಿ ಹತ್ತಿದ ಬೀಜವನ್ನು ಉಗುಳಿಬಿಡಿ, ನುಂಗಬೇಡಿ.

ಆರಿಸಿ ತೆಗೆದ ಜೊಳ್ಳನ್ನು ಗಾಣಕ್ಕೋ ದನಕ್ಕೋ ಕೊಟ್ಟರೆ ವಿಷ ಎಲ್ಲೂ ಹೋಗಲಿಲ್ಲ. ಎಣ್ಣೆ ತೆಗೆದಾಗ ಹೆಚ್ಚಿನ ಪಾಲು ಹಿಂಡಿಯಲ್ಲೇ ಉಳಿಯುತ್ತದೆ. ಹಿಂಡಿ ತಿಂದ ಹಸುವಿನ ಹಾಲಿನಲ್ಲಿ ಒಂದು ದಿನದೊಳಗೆ ಅದರ ಇನ್ನೊಂದು ರೂಪ ಕಾಣಿಸಿಕೊಳ್ಳುತ್ತದೆ. ನಮ್ಮ ದೇಶದ ಆಹಾರ ನಿಯಮದಲ್ಲಿ ಹಾಲಿಗಿರುವ ಮಿತಿ ಕೆಜಿಗೆ 0.5 ಮೈಕ್ರೋಗ್ರಾಂ. ಹಾಲು ಕಾಯಿಸಿದರೆ ಇದು ಹೋಗುವುದಿಲ್ಲ. ಬೂಷ್ಟು ಹಿಡಿದದ್ದನ್ನು ಹೂಳಿ.

ಎಲ್ಲ ಶಿಲೀಂಧ್ರವೂ ಶೇಂಗಾಕ್ಕೆ ವೈರಿಯಲ್ಲ. ಕೆಜಿ ಬಿತ್ತನೆ ಬೀಜಕ್ಕೆ 4 ಗ್ರಾಂ ಟ್ರೈಕೊಡರ್ಮಾ ಹಚ್ಚುವುದು ಕತ್ತು ಕೊಳೆ ತರುವ ಆಸ್ಪರ್ಜಿಲಸ್ ನೈಜರ್ ಮೇಲೆ ಇನ್ನೊಂದು ಶಿಲೀಂಧ್ರವನ್ನು ಛೂ ಬಿಡುವ ಉಪಾಯ. ಅದೇ ಬೀಜಕ್ಕೆ ರಾಸಾಯನಿಕ ಶಿಲೀಂಧ್ರನಾಶಕವನ್ನೂ ಹಚ್ಚಿದರೆ ಕೊಂಡು ತಂದ ಕಾವಲುಗಾರನನ್ನೇ ಕೊಂದಂತೆ.

ಶಿಲೀಂಧ್ರವಲ್ಲದ ಕೊಳೆರೋಗ

ಚನ್ನಗಿರಿ ಕಡೆಯ ಅಡಿಕೆ ತೋಟದವರಿಗೆ ಒಂದು ಮಾತು. ಕೊಳೆರೋಗ ತರುವ ಫೈಟಾಫ್ತೊರಾ ಎಳೆ ಬಿಡುತ್ತದೆ, ಬೂಷ್ಟಿನಂತೆಯೇ ಕಾಣುತ್ತದೆ, ಆದರೆ ನಿಜವಾದ ಶಿಲೀಂಧ್ರವಲ್ಲ. ಗೋಡೆಯಲ್ಲಿ ಸೆಲ್ಯುಲೋಸ್ ಇದೆ, ಬೀಜಕಗಳು ನೀರಿನಲ್ಲಿ ಈಜುತ್ತವೆ. ಅದಕ್ಕೇ ಬಿಡದೆ ಸುರಿವ ಮಳೆಯಲ್ಲಿ ಗೊನೆಯಿಂದ ಗೊನೆಗೆ ಹಾರುತ್ತದೆ. ಈ ಭೇದ ತಿಳಿಯದೆ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಹೊಡೆದರೆ ದುಡ್ಡು ದಂಡ, ಆ ಔಷಧ ಇದರ ಮೇಲೆ ನಡೆಯುವುದಿಲ್ಲ. ನಡೆಯುವುದು ಶೇಕಡಾ 1ರ ಬೋರ್ಡೊ ದ್ರಾವಣ, ಅದೂ ರೋಗ ಬರುವ ಮೊದಲು. 1 ಕೆಜಿ ಮೈಲುತುತ್ತ 50 ಲೀಟರ್ ನೀರಿನಲ್ಲಿ, 1 ಕೆಜಿ ಸುಣ್ಣ ಬೇರೆ 50 ಲೀಟರಿನಲ್ಲಿ, ಎರಡೂ ಪ್ಲಾಸ್ಟಿಕ್ ಪಾತ್ರೆಯಲ್ಲಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕದಡಿ. ಹೊಳೆಯುವ ಕಬ್ಬಿಣದ ಚಾಕು ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು, ಕೂರದಂತಾಗುವವರೆಗೆ ಸುಣ್ಣದ ತಿಳಿ ಸೇರಿಸಿ. ಮಾಡಿದ ದಿನವೇ ಹೊಡೆದು ಮುಗಿಸಿ. ರಾತ್ರಿ ಕಳೆದರೆ ಕಣಗಳು ದಪ್ಪಗಟ್ಟಿ ತಳ ಸೇರುತ್ತವೆ, ಗೊನೆಗೆ ಅಂಟುವುದಿಲ್ಲ.